ಅದು 115200 ಅಲ್ಲ, ಸಂಪಾದಕರೇ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ, ಫೋನ್ ತಂತಿಯ ಮೇಲೆ ನಂಬರ್ ಒತ್ತಿ ಸೇರುತ್ತಿದ್ದ ಡಯಲ್-ಅಪ್ ಇಂಟರ್‌ನೆಟ್ ಬಗ್ಗೆ ಅರ್ಧ ಪುಟದ ಬರಹ ಬಂದಿದೆ. ಅಮೆರಿಕದ ಎಒಎಲ್ ಕಂಪನಿ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್-ಅಪ್ ಸೇವೆ ಮುಚ್ಚಿದ್ದನ್ನು ನೆಪ ಮಾಡಿಕೊಂಡು ಬರೆದದ್ದು. ಹಳೆಯ ಗೆಳೆಯನ ಹೆಸರು ಪೇಪರಿನಲ್ಲಿ ಕಂಡಂತಾಗಿ ಖುಷಿಯಿಂದಲೇ ಓದಲು ಕೂತೆ. ಓದುತ್ತಾ ಹೋದಂತೆ ಖುಷಿ ಇಳಿಯಿತು. ಬರೆದವರ ಪ್ರಕಾರ, ಕಂಪ್ಯೂಟರನ್ನು ಫೋನ್ ತಂತಿಗೆ ಸೇರಿಸುವ ಮೋಡೆಮ್ ಎಂಬ ಯಂತ್ರದ ಸದ್ದು ಅಂದರೆ ಅರ್ಥವಿಲ್ಲದ ಕಿರುಚಾಟ. ವೇಗ ಸೆಕೆಂಡಿಗೆ 115 ಕಿಲೋಬಿಟ್ ಇತ್ತಂತೆ. ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಂತೂ ಮೋಡೆಮ್ ನಡೆಯುತ್ತಲೇ ಇರಲಿಲ್ಲವಂತೆ. ಈ ಕೊನೆಯ ಮಾತಿಗೆ ಚಹಾದ ಕಪ್ಪು ಕೆಳಗಿಟ್ಟೆ.

ನಡೆಯುತ್ತಿತ್ತು. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಯ ಒಂದು ಅಡತಿ ಅಂಗಡಿಯ ಮೂಲೆಯಲ್ಲಿ, 2004ರಿಂದ ಮೂರು ವರ್ಷ ನಡೆದಿದೆ. ನಡೆಸಿದವನು ನಾನು.

ನಾನು ಕಂಪ್ಯೂಟರ್ ಓದಿದವನಲ್ಲ. ಬಿ.ಕಾಂ. ಮುಗಿಸಿ ಆ ಅಂಗಡಿಯಲ್ಲಿ ಕೀರ್ದಿ, ಖಾತೆ ಬರೆಯಲು ಸೇರಿದ ಗುಮಾಸ್ತ. ನಮ್ಮ ಪೇಟೆ ಸೋಮವಾರ ಮತ್ತು ಗುರುವಾರ. ಟೆಂಡರ್ ತೆರೆದ ಮೇಲೆ ಡಬ್ಬಿ ತಳಿಯ ಕಾಯಿ ಎಷ್ಟಕ್ಕೆ ಹೋಯಿತು, ಕಡ್ಡಿ ತಳಿಯದು ಎಷ್ಟಕ್ಕೆ ಹೋಯಿತು ಅಂತ ಹೊರಗಿನ ಖರೀದಿದಾರರಿಗೆ ಅದೇ ಸಂಜೆ ತಿಳಿಸಬೇಕು. ಬ್ಯಾಡಗಿ ಕಾಯಿ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣ ತೆಗೆಯುವ ಕಾರ್ಖಾನೆಯವರು ಕೊಚ್ಚಿ ಕಡೆ ಇದ್ದರು. ಮೊದಲು ಫೋನ್, ಫ್ಯಾಕ್ಸ್ ಸಾಕಿತ್ತು. ಆಮೇಲೆ ಅವರು ಇಮೇಲ್ ಕಳಿಸಿ ಅನ್ನತೊಡಗಿದರು. ನಮ್ಮ ಸಾವಕಾರರು ಕಂಪ್ಯೂಟರ್ ತಂದಿಟ್ಟರು.

ಅದರಲ್ಲಿ ಮೊದಲು ವಿಂಡೋಸ್ ಎಕ್ಸ್‌ಪಿ ಇತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವೈರಸ್ ಜಗತ್ತಿಡೀ ಓಡಾಡಿತಲ್ಲ, ಅದು ನಮ್ಮ ಅಂಗಡಿಗೂ ಬಂತು. ಇಂಟರ್‌ನೆಟ್‌ಗೆ ಸೇರಿದ ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ 60 ಸೆಕೆಂಡಿನ ಎಣಿಕೆ ಶುರು. ಸೊನ್ನೆಗೆ ಬಂದರೆ ಕಂಪ್ಯೂಟರ್ ತಾನಾಗಿ ಬಂದಾಗಿ ಮತ್ತೆ ಶುರುವಾಗುತ್ತಿತ್ತು. ಅದನ್ನು ತಡೆಯುವ ತೇಪೆ ಹಿಂದಿನ ತಿಂಗಳೇ ಬಿಡುಗಡೆಯಾಗಿತ್ತು. ಹಾಕಿಕೊಳ್ಳದೆ ಕೂತಿದ್ದು ನಮ್ಮದೇ ತಪ್ಪು. ಆದರೆ ಒಂದೊಂದು ಇಮೇಲಿಗೂ 60 ಸೆಕೆಂಡಿನ ಜತೆ ಓಟದ ಪಂದ್ಯ ಕಟ್ಟುವುದು ಎಷ್ಟು ದಿನ?

ಸಾವಕಾರರ ತಂಗಿಯ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಸಂಕ್ರಾಂತಿಗೆ ಬಂದವನು ಮೂರು ಸಿಡಿ ತಂದ. ರೆಡ್ ಹ್ಯಾಟ್ ಲಿನಕ್ಸ್ 9. ಒಂದು ರಾತ್ರಿಯಲ್ಲಿ ಎಲ್ಲ ಅಳಿಸಿ ಅದನ್ನು ಹಾಕಿದ. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಹೇಳಿದ ಮಾತು ಇದು: "ಎಲ್ಲಾ ಆಗೈತಿ ಕಾಕಾ. ಮೋಡೆಮ್ ಒಂದ ಆಗಿಲ್ಲ, ನೀವ ನೋಡ್ಕೋರಿ." ಇಮೇಲ್ ಕಳಿಸುವುದೊಂದೇ ಕೆಲಸವಿದ್ದ ಕಂಪ್ಯೂಟರಿಗೆ ಮೋಡೆಮ್ ಒಂದು ಆಗಿಲ್ಲ!

ಅಂದಿನಿಂದ ನಾನು ಒಂದು ಹಳೆಯ ಕೀರ್ದಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಮೋಡೆಮ್ ಲೆಕ್ಕ ಬರೆಯತೊಡಗಿದೆ. ತಾರೀಖು, ವೇಳೆ, ಏನು ಮಾಡಿದೆ, ಪರದೆ ಏನು ಹೇಳಿತು. ಗುಮಾಸ್ತನಿಗೆ ಬೇರೆ ದಾರಿ ಗೊತ್ತಿಲ್ಲ. ಈ ಪತ್ರದಲ್ಲಿ ಬರುವುದೆಲ್ಲ ಆ ಪುಸ್ತಕ ನೋಡಿ ಬರೆದದ್ದು.

ಮೊದಲ ನಮೂದು: ಮೋಡೆಮ್ ಹುಡುಕುವ ಡಬ್ಲ್ಯುವಿಡಯಲ್‌ಕಾನ್ಫ್ ಎಂಬ ಆಜ್ಞೆ ಕೊಟ್ಟೆ. ಅದು ಮೋಡೆಮ್ ಚುಚ್ಚುವ ಸೀರಿಯಲ್ ಪೋರ್ಟುಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಮೋಡೆಮ್ ಸಿಗಲಿಲ್ಲ ಅಂತ ಕ್ಷಮೆ ಕೇಳಿತು. ಮೋಡೆಮ್ ಕಾರ್ಡ್ ಡಬ್ಬದ ಒಳಗೆ ಕಣ್ಣಿಗೆ ಕಾಣುತ್ತಿದೆ. ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯಿಂದ ಒಳಗಿನ ಕಾರ್ಡುಗಳ ಪಟ್ಟಿ ಕೇಳಿದರೆ ಅಲ್ಲೂ ಇದೆ. ಆದರೂ ಇಲ್ಲ ಅನ್ನುತ್ತದೆ. ನಿಮ್ಮ ಲೇಖಕರು ಲಿನಕ್ಸ್‌ನಲ್ಲಿ ನಡೆಯುತ್ತಿರಲಿಲ್ಲ ಅಂದದ್ದು ಬಹುಶಃ ಇಲ್ಲಿಗೇ ಕೈಬಿಟ್ಟವರ ಮಾತು ಕೇಳಿ ಇರಬೇಕು.

ವಿಷಯ ಹೀಗಿತ್ತು. ಪೂರ್ತಿ ಮೋಡೆಮ್ ಅಂದರೆ ಅದರೊಳಗೆ ಅದರದೇ ಪ್ರೊಸೆಸರ್ ಇರುತ್ತದೆ. ಅಂಕಿಯನ್ನು ಸದ್ದು ಮಾಡುವುದು, ಸದ್ದನ್ನು ಅಂಕಿ ಮಾಡುವುದು ಅದರದೇ ಕೆಲಸ. ಕಂಪ್ಯೂಟರ್ ಬರೀ ಹುಕುಂ ಕೊಟ್ಟರಾಯಿತು. ಆಗ ಅಗ್ಗಕ್ಕೆ ಸಿಗುತ್ತಿದ್ದ ಒಳಗಿನ ಕಾರ್ಡುಗಳು ಹಾಗಲ್ಲ. ಅವಕ್ಕೆ ವಿನ್‌ಮೋಡೆಮ್ ಅನ್ನುತ್ತಿದ್ದರು. ಅದು ಹಮಾಲರನ್ನು ಕರೆತರದ ಲಾರಿ. ಮಾಲು ತಂದು ಬಾಗಿಲಿಗೆ ನಿಲ್ಲುತ್ತದೆ, ಇಳಿಸುವವರು ನಾವೇ. ಆ ಇಳಿಸುವ ಕೆಲಸ ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಬೀಳುತ್ತಿತ್ತು. ಅದಕ್ಕೆ ಬೇಕಾದ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಕಾರ್ಡಿನವರು ವಿಂಡೋಸ್‌ಗೆ ಮಾತ್ರ ಮಾಡಿರುತ್ತಿದ್ದರು. ಕೆಲವು ಚಿಪ್ಪುಗಳಿಗೆ ಲಿನಕ್ಸ್ ಡ್ರೈವರೂ ಸಿಗುತ್ತಿತ್ತು. ಆದರೆ ಅದು ನಮ್ಮ ಲಿನಕ್ಸಿನ ತಿರುಳಾದ ಕರ್ನಲ್ಲಿಗೆ, ಅಂದರೆ ಅದರ 2.4.20-8 ಆವೃತ್ತಿಗೆ, ಸರಿಯಾಗಿ ಹೊಂದಬೇಕು. ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು. ಇಂಟರ್‌ನೆಟ್‌ಗೆ ಡ್ರೈವರ್ ಬೇಕು! ಹಾವೇರಿಗೆ ಹೋಗಿ ಸೈಬರ್ ಕೆಫೆಯಿಂದ ಎರಡು ಸಲ ಫ್ಲಾಪಿಯಲ್ಲಿ ತಂದೆ. ಎರಡೂ ನಮ್ಮ ಚಿಪ್ಪಿನದಲ್ಲ. ಬಸ್ ಚಾರ್ಜ್ ಖರ್ಚಿಗೆ ಬರೆದು ಆ ದಾರಿ ಬಿಟ್ಟೆ.

ಪ್ಯಾಸೆಂಜರ್ ಗಾಡಿ ಹತ್ತಿ ಹುಬ್ಬಳ್ಳಿಗೆ ಹೋದೆ. ಕೊಪ್ಪೀಕರ್ ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಹಳೆಯ ಸಾಮಾನು ಮಾರುವವರ ಹತ್ತಿರ ಹೊರಗಿಡುವ ಸೀರಿಯಲ್ ಮೋಡೆಮ್ ಸಿಕ್ಕಿತು. ಸೆಕೆಂಡ್ ಹ್ಯಾಂಡ್, 900 ರೂಪಾಯಿ. ಎದುರಿಗೆ ಸಾಲಾಗಿ ಕೆಂಪು ದೀಪಗಳು, ಹಿಂದೆ 25 ಪಿನ್ನಿನ ಬಾಯಿ. ಅದು ಪೂರ್ತಿ ಮೋಡೆಮ್, ಹಮಾಲರ ಸಮೇತ ಬರುವ ಲಾರಿ. ಸಾವಕಾರರು ಬಿಲ್ ನೋಡಿ, "ಒಳಗ ಒಂದ ಐತಿ, ಹೊರಗ ಮತ್ತೊಂದ್ಯಾಕ?" ಅಂದರು. ಏನು ಹೇಳಲಿ?

ಮೊದಲ ಪೋರ್ಟಿನಲ್ಲಿ ಮೌಸ್ ಇತ್ತು. ಎರಡನೆಯದಕ್ಕೆ ಮೋಡೆಮ್ ಚುಚ್ಚಿದೆ. ಮತ್ತೆ ಸಿಗಲಿಲ್ಲ. ಎರಡು ದಿನ ಕೇಬಲ್ ಬೈದೆ. ಕೊನೆಗೆ ನೋಡಿದರೆ ಎರಡನೆಯ ಪೋರ್ಟನ್ನು ಬಯಾಸ್‌ನಲ್ಲೇ, ಅಂದರೆ ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗಿನಲ್ಲೇ, ಯಾರೋ ಬಂದ್ ಮಾಡಿದ್ದರು. ಬಹುಶಃ ಹಳೆಯ ಕಾರ್ಡಿನ ಜತೆ ಜಗಳ ಬರದಿರಲಿ ಅಂತ. ಕಾರ್ಡ್ ಕಿತ್ತೆ, ಪೋರ್ಟ್ ತೆರೆದೆ. ಮೋಡೆಮ್ ಜತೆ ನೇರ ಮಾತಾಡುವ ಮಿನಿಕಾಮ್ ತಂತ್ರಾಂಶ ಹಾಕಿ ಎ, ಟಿ ಎಂಬ ಎರಡು ಅಕ್ಷರ ಒತ್ತಿ ಎಂಟರ್ ಹೊಡೆದೆ. ಕೆಳಗಿನ ಸಾಲಿನಲ್ಲಿ ಓಕೆ ಅಂತ ಬಂತು. ನಮಸ್ಕಾರ ಅಂದರೆ ನಮಸ್ಕಾರ ಅಂದ ಹಾಗೆ. ಅವತ್ತು ಪುಸ್ತಕದಲ್ಲಿ ಆ ಓಕೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೆ.

ಡಯಲ್ ಮಾಡಲು ಹೇಳಿದರೆ ಹೊಸ ತಕರಾರು: ನೋ ಡಯಲ್‌ಟೋನ್. ರಿಸೀವರ್ ಎತ್ತಿದರೆ ಗುಂಯ್ ಅಂತ ಟೋನ್ ಚೆನ್ನಾಗಿ ಕೇಳುತ್ತದೆ. ಮೋಡೆಮ್ ಇಲ್ಲ ಅನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅಮೆರಿಕದ ಡಯಲ್ ಟೋನ್ ಅಂದರೆ 350 ಮತ್ತು 440 ಹರ್ಟ್ಸ್ ಎರಡು ಸ್ವರ ಕೂಡಿದ್ದು. ನಮ್ಮ ಕಡೆಯದು ಬೇರೆ. ಮೋಡೆಮ್ ತನಗೆ ಗೊತ್ತಿದ್ದ ರಾಗಕ್ಕೆ ಕಿವಿ ಕೊಟ್ಟು ಕೂತಿತ್ತು. ಇದಕ್ಕೆ ಮದ್ದು ಎಕ್ಸ್3. ಶುರುವಿನ ಆಜ್ಞೆಯಲ್ಲಿ ಎಕ್ಸ್3 ಸೇರಿಸಿದರೆ ಮೋಡೆಮ್ ಟೋನಿಗೆ ಕಾಯುವುದಿಲ್ಲ. ಎರಡು ಸೆಕೆಂಡ್ ಬಿಟ್ಟು ಕಣ್ಣುಮುಚ್ಚಿ ನಂಬರ್ ಒತ್ತುತ್ತದೆ. ಎಂಗೇಜ್ ಇದ್ದರೆ ಮಾತ್ರ ಆಗಲೂ ಗುರುತಿಸಿ ಹೇಳುತ್ತದೆ. ಎರಡು ಅಕ್ಷರದ ಈ ಔಷಧ ಸಿಗಲು ನನಗೆ ಒಂಬತ್ತು ದಿನ ಹಿಡಿಯಿತು. ಜಾಗದ ಕೊರತೆಯಿಂದ ಈ ಪತ್ರ ಕತ್ತರಿಸುವುದಾದರೆ ಬಯಾಸ್ ಕತೆ ಕತ್ತರಿಸಿ, ಎಕ್ಸ್3 ಇರಲಿ.

ಈಗ ನಿಮ್ಮ 115ರ ವಿಷಯ. ಮೊದಲ ಸಲ ಸಂಪರ್ಕ ಸಿಕ್ಕಾಗ ನಮ್ಮ ಪರದೆಯಲ್ಲೂ ಕನೆಕ್ಟ್ 115200 ಅಂತಲೇ ಬಂತು. ಸಾವಕಾರರು ಎದುರಿನ ಅಂಗಡಿಯವರನ್ನು ಕರೆದು ತೋರಿಸಿದರು. ಅವರ ಕಂಪ್ಯೂಟರಿನಲ್ಲಿ 45 ಸಾವಿರ ಚಿಲ್ಲರೆ ಬರುತ್ತಿತ್ತು, ನಮ್ಮದು ಅದರ ಎರಡೂವರೆ ಪಟ್ಟು! ಎರಡು ವಾರ ನಮ್ಮ ಸಾವಕಾರರು ಪೇಟೆಯಲ್ಲಿ ಎದೆ ಉಬ್ಬಿಸಿ ಓಡಾಡಿದರು. ಆದರೆ ಒಂದು ಫೋಟೋ ಬರಲು ಇಬ್ಬರಿಗೂ ಅಷ್ಟೇ ಹೊತ್ತು. ನನಗೆ ಆಗಲೇ ಅನುಮಾನ. 115200 ಅಂದರೆ ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ಮೂರು ಅಡಿ ಕೇಬಲ್ಲಿನ ವೇಗ. ಫೋನ್ ತಂತಿಯ ವೇಗವಲ್ಲ. ಅಂಗಡಿಯಿಂದ ಲಾರಿಯವರೆಗೆ ಹಮಾಲ ಎಷ್ಟು ಬೇಗ ನಡೆದ ಅಂತ ಹೇಳಿದರೆ ಲಾರಿ ಕೊಚ್ಚಿ ಮುಟ್ಟುವ ವೇಗ ಗೊತ್ತಾಗುತ್ತದೆಯೇ? ನಮ್ಮ ಮೋಡೆಮ್‌ಗೆ ಡಬ್ಲ್ಯು2 ಎಂಬ ಆಜ್ಞೆ ಕೊಟ್ಟ ಮೇಲೆ ತಂತಿಯ ನಿಜವಾದ ಅಂಕಿ ಬಂತು. 44000. ಸಾವಕಾರರಿಗೆ ನಾನೇ ಏನೋ ಕೆಡಿಸಿದೆ ಅನ್ನಿಸಿತು. "ಮೊದಲಿಂದನ ಹಾಕಪಾ" ಅಂದರು.

ಹೇಗೆ ನೋಡಿದರೂ ಡಯಲ್-ಅಪ್ 56 ಕಿಲೋಬಿಟ್ ದಾಟುತ್ತಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ನಮ್ಮ ಮಾತನ್ನು ಸೆಕೆಂಡಿಗೆ 8000 ಸಲ ಅಳೆದು, ಒಂದೊಂದು ಅಳತೆಗೆ 8 ಬಿಟ್ ಇಡುತ್ತಾರೆ. ಅಲ್ಲಿಗೇ 64 ಕಿಲೋಬಿಟ್. ಅದರಲ್ಲಿ ಮೋಡೆಮ್ ಕೈಗೆ ಸಿಗುವುದು ನಮ್ಮ ಕಡೆಗೆ ಇಳಿಯುವಾಗ ಹೆಚ್ಚೆಂದರೆ 56, ವಿ.90 ಎಂಬ ಮೋಡೆಮ್ ಪದ್ಧತಿಯಲ್ಲಿ ಆ ಕಡೆಗೆ ಏರುವಾಗ 33.6. ಅಂಕಿಯಲ್ಲಿ ಇನ್ನೊಂದು ಗುಟ್ಟಿತ್ತು. ಲೈನ್ ಚೆನ್ನಾಗಿದ್ದರೆ 44000, 45333, 46666 ಹೀಗೆ ಬರುತ್ತಿತ್ತು. ಒಂದೊಂದು ಮೆಟ್ಟಿಲಿಗೂ 1333ರಷ್ಟು ವ್ಯತ್ಯಾಸ. ಲೈನ್ ಕೆಟ್ಟಿದ್ದರೆ ಮೋಡೆಮ್ ಆ ಪದ್ಧತಿಯನ್ನೇ ಬಿಟ್ಟು ಹಳೆಯ ವಿ.34ಕ್ಕೆ ಇಳಿಯುತ್ತಿತ್ತು. ಆಗ ಮೆಟ್ಟಿಲು 2400ರದ್ದು: 33600, 31200, 28800, 26400. ಅಂಕಿ ಓದಿದರೆ ಸಾಕು, ತಂತಿಯ ಆರೋಗ್ಯ ಗೊತ್ತಾಗುತ್ತಿತ್ತು. ಇದು ಮುಂದೆ ಮಳೆಗಾಲದಲ್ಲಿ ನನ್ನ ಕೈ ಹಿಡಿಯಿತು.

ಅದಕ್ಕೂ ಮೊದಲು ಆ ಅರ್ಥವಿಲ್ಲದ ಕಿರುಚಾಟದ ಬಗ್ಗೆ ಹೇಳಬೇಕು.

ಮೊದಲು ಫೋನ್ ಎತ್ತಿದ ಟಕ್. ಆಮೇಲೆ ಡಯಲ್ ಟೋನ್. ನಂಬರ್ ಒತ್ತುವ ಪೀಂ ಪೀಂ. ಆ ಕಡೆ ರಿಂಗ್. ಎತ್ತಿದ ಕೂಡಲೇ ಒಂದು ಎತ್ತರದ ನೇರ ಸ್ವರ, 2100 ಹರ್ಟ್ಸ್. ನಾನು ಮೋಡೆಮ್, ಮನುಷ್ಯನಲ್ಲ ಅಂತ ಆ ಕಡೆಯವನು ಹೇಳುವುದು ಅದು. ಆ ಸ್ವರಕ್ಕೆ ಇನ್ನೊಂದು ಕೆಲಸವೂ ಇತ್ತು. ದೂರದ ಕರೆಗಳಲ್ಲಿ ನಮ್ಮ ದನಿ ನಮಗೇ ತಿರುಗಿ ಕೇಳದಂತೆ ತಡೆಯುವ ಯಂತ್ರಗಳಿದ್ದವು, ಅವನ್ನು ಸುಮ್ಮನಿರಿಸುವುದು. ಅದಾದ ಮೇಲೆ ನಿನಗೆ ಯಾವ ಪದ್ಧತಿ ಗೊತ್ತು, ನನಗೆ ಇಷ್ಟು ಗೊತ್ತು ಎಂಬ ಚೌಕಾಸಿ. ಆಮೇಲೆ ಬರುವ ದೊಡ್ಡ ಶ್ಶ್ ಸದ್ದು, ತಂತಿ ಎಷ್ಟು ಭಾರ ತಡೆಯುತ್ತದೆ ಅಂತ ಇಬ್ಬರೂ ಅಳೆಯುವುದು. ಅಳತೆ ಮುಗಿದರೆ ಸ್ಪೀಕರ್ ತಾನಾಗಿ ಬಂದ್. ಆ ಶ್ಶ್ ಎರಡು ಮೂರು ಸಲ ಮರಳಿ ಬಂದರೆ ಇವತ್ತು ವೇಗ ಸಿಗುವುದಿಲ್ಲ ಅಂತ ಪರದೆ ನೋಡದೆಯೇ ಹೇಳುತ್ತಿದ್ದೆ.

ಸಾವಕಾರರಿಗೆ ಅದು ಹಿಡಿಸಲಿಲ್ಲ. ಗಿರಾಕಿ ಕೂತಾಗ ಒದರುತ್ತದೆ, ಬಂದ್ ಮಾಡು ಅಂದರು. ಎಂ0 ಅಂತ ಸೇರಿಸಿದರೆ ಸ್ಪೀಕರ್ ಪೂರ್ತಿ ಮೌನ. ಸೇರಿಸಿದೆ. ಅದೇ ವಾರ ಇಂಟರ್‌ನೆಟ್‌ಗೆ ಡಯಲ್ ಮಾಡುವ ನಂಬರ್ ಬದಲಾಯಿತು. ಫೈಲ್ ತೆರೆದು ಹೊಸ ನಂಬರ್ ಬರೆದೆ. ಫೆಬ್ರುವರಿ ತಿಂಗಳು, ಪೇಟೆಯ ಭರಾಟೆ. ಯಾರ್ಡಿನ ತುಂಬ ಘಾಟು. ಕಾಯಿಗೆ ಖಾರ ಕಡಿಮೆ ಅಂದೆನಲ್ಲ, ಮೂಗಿಗೆ ಅದು ಗೊತ್ತಾಗುವುದಿಲ್ಲ. ಸೀನುತ್ತಾ ಒತ್ತಿದ್ದರಲ್ಲಿ ಒಂದು ಅಂಕಿ ತಪ್ಪಿತು.

ಮೂರು ದಿನ ಸಂಪರ್ಕ ಸಿಗಲಿಲ್ಲ. ಆ ಕಡೆ ಮೋಡೆಮ್ ಸದ್ದಿಲ್ಲ ಅಂತ ಪರದೆ ಹೇಳುತ್ತಿತ್ತು: ನೋ ಕ್ಯಾರಿಯರ್, ಮತ್ತೆ ಪ್ರಯತ್ನಿಸುತ್ತಿದ್ದೇನೆ. ನೋ ಕ್ಯಾರಿಯರ್, ಮತ್ತೆ ಪ್ರಯತ್ನಿಸುತ್ತಿದ್ದೇನೆ. ಡಯಲ್ ಮಾಡುವ ಡಬ್ಲ್ಯುವಿಡಯಲ್ ತಂತ್ರಾಂಶಕ್ಕೆ ಬೇಸರವೆಂಬುದೇ ಇಲ್ಲ. ಅದನ್ನು ಬಿಟ್ಟು ನಾನು ಕೀರ್ದಿ ಬರೆಯುತ್ತಾ ಕೂರುತ್ತಿದ್ದೆ. ಪೋರ್ಟ್ ನೋಡಿದೆ, ಎಕ್ಸ್3 ನೋಡಿದೆ, ಕೇಬಲ್ ನೋಡಿದೆ. ಮೂರನೆಯ ಸಂಜೆ ಎಂ0 ತೆಗೆದು ಎಂ1 ಹಾಕಿದೆ. ನಂಬರ್ ಒತ್ತಿತು. ರಿಂಗಾಯಿತು. ಮೋಡೆಮ್ ಒಳಗಿಂದ ಒಬ್ಬ ಮುದುಕಿಯ ದನಿ ಬಂತು.

"ಹಲೋ... ಹಲೋ... ಯಾರ್ರೀ ಅದು? ಮಾತಾಡ್ರೀ." ಆಮೇಲೆ ಪಕ್ಕಕ್ಕೆ ತಿರುಗಿ ಯಾರಿಗೋ ಹೇಳಿದ್ದು: "ಮತ್ತ ಬಂತ್ ನೋಡ, ಅದ ಕೀಂ ಕೀಂ."

ನನಗೆ ಬೆವರು ಬಂತು. ಕೂಡಲೇ ಕೇಬಲ್ ಕಿತ್ತೆ. ಆ ನಂಬರಿಗೆ ಕೈಯಿಂದಲೇ ಫೋನ್ ಮಾಡಿ ವಿಳಾಸ ಕೇಳಿ, ಸಂಜೆ ಅರ್ಧ ಕೇಜಿ ಡಬ್ಬಿ ಕಾಯಿ ಕಟ್ಟಿಕೊಂಡು ಹೋದೆ. ಇದೇ ಊರಿನ ಮನೆ. "ತಪ್ಪಾತ್ರಿ ಅವ್ವಾರ" ಅಂದೆ. ಮೂರು ದಿನದಿಂದ ಫೋನಿಗೆ ಏನೋ ಹೊಕ್ಕಿದೆ ಅಂದುಕೊಂಡು ಆ ಅಜ್ಜಿ ರಿಸೀವರ್ ಮೇಲೆ ವಿಭೂತಿ ಹಚ್ಚಿಟ್ಟಿದ್ದರು. ಕಂಪ್ಯೂಟರ್ ಫೋನ್ ಮಾಡಿತ್ತು ಅಂದರೆ ನಂಬಲಿಲ್ಲ. ಕಾಯಿ ಮಾತ್ರ ಬಣ್ಣ ನೋಡಿ ತಗೊಂಡರು. ಪುಸ್ತಕದಲ್ಲಿ ಅವತ್ತಿನ ನಮೂದು: ಎಂ0 ಇನ್ನು ಹಾಕಬಾರದು.

ಪಾಸ್‌ವರ್ಡ್ ಕತೆ ಬೇಗ ಮುಗಿಸುತ್ತೇನೆ. ಲಕೋಟೆಯಲ್ಲಿ ಬಂದ ಪಾಸ್‌ವರ್ಡಿನಲ್ಲಿ ಒಂದು ಎಂಬ ಅಂಕಿಯೋ, ಎಲ್ ಅಕ್ಷರವೋ ಅಂತ ತಿಳಿಯದೆ ಒಂದು ಸಂಜೆ ಹೋಯಿತು. ಕಂಪ್ಯೂಟರ್ ತಾನೇ ಬರೆದಿಡುವ ಲಾಗ್ ಫೈಲಿನ ಕೊನೆಯ ಸಾಲು, ಪಿಎಪಿ ಗುರುತು, ಅಂದರೆ ಹೆಸರು-ಪಾಸ್‌ವರ್ಡ್, ಒಪ್ಪಲಿಲ್ಲ ಅಂತ ನೇರವಾಗಿ ಹೇಳಿತ್ತು. ಹಾಗಾಗಿ ತಂತಿ ಹುಡುಕುವ ಕೆಲಸ ತಪ್ಪಿತು.

ಏಪ್ರಿಲ್‌ನಲ್ಲಿ ಆ ಇಂಜಿನಿಯರಿಂಗ್ ಹುಡುಗ ಮತ್ತೆ ಬಂದು, ಒಳಗಿನ ಕೋಣೆಯ ಕಂಪ್ಯೂಟರಿಗೂ ಇದಕ್ಕೂ ನೆಟ್‌ವರ್ಕ್ ಕೇಬಲ್ ಹಾಕಿ ಹೋದ. ಅವತ್ತಿನಿಂದ ಮೋಡೆಮ್ ಸೇರುತ್ತದೆ, ದೀಪ ಉರಿಯುತ್ತದೆ, ಒಂದೇ ಒಂದು ಪುಟ ತೆರೆಯುವುದಿಲ್ಲ. ಎಲ್ಲರೂ ಮೋಡೆಮನ್ನೇ ಬೈದರು. ನಾನು ಆ ಕಡೆಯ ಯಂತ್ರಕ್ಕೆ ಇದ್ದೀಯಾ ಅಂತ ಕೇಳುವ ಪಿಂಗ್ ಆಜ್ಞೆ ಹಾಕಿ ನೋಡಿದೆ. ಫೋನಿನ ಆ ತುದಿಯ ಯಂತ್ರ ಉತ್ತರಿಸುತ್ತದೆ. ಅದರಾಚೆಯ ವಿಳಾಸಕ್ಕೆ ಅಂಕಿಯಲ್ಲೇ ಕೇಳಿದರೂ ಉತ್ತರವಿಲ್ಲ. ಅಂದರೆ ಹೆಸರಿನಿಂದ ವಿಳಾಸ ಹುಡುಕುವ ತೊಂದರೆ ಅಲ್ಲ, ದಾರಿಯ ತೊಂದರೆ. ಲಾಗ್ ತೆರೆದರೆ ಅಲ್ಲಿ ಒಂದು ಸಾಲು: ಈಗಾಗಲೇ ಇಟಿಎಚ್0 (ಅಂದರೆ ನೆಟ್‌ವರ್ಕ್ ಕಾರ್ಡ್) ಕಡೆಗೆ ಮುಖ್ಯ ದಾರಿ ಇದೆ, ಅದನ್ನು ನಾನು ಬದಲಿಸುವುದಿಲ್ಲ. ಹುಡುಗ ನೆಟ್‌ವರ್ಕ್ ಕಾರ್ಡಿಗೆ ಗೇಟ್‌ವೇ, ಅಂದರೆ ಹೊರಗೆ ಹೋಗುವ ದಾರಿ, ಬರೆದು ಹೋಗಿದ್ದ. ಇಮೇಲೆಲ್ಲ ಕೊಚ್ಚಿಯ ಬದಲು ಒಳಗಿನ ಕೋಣೆಗೆ ಹೋಗಿ ಬಾಗಿಲು ಬಡಿಯುತ್ತಿತ್ತು. ಗೇಟ್‌ವೇ ಅಳಿಸಿದೆ, ಆಯಿತು. ನನಗೆ ಲಿನಕ್ಸ್ ಮೇಲೆ ಪ್ರೀತಿ ಹುಟ್ಟಿದ್ದು ಈ ಸಾಲಿನಿಂದ ಅನ್ನಬಹುದು. ಕೆಲಸ ಮಾಡಲಿಲ್ಲ ನಿಜ. ಆದರೆ ಯಾಕೆ ಮಾಡಲಿಲ್ಲ ಅಂತ ಬರೆದಿಟ್ಟಿತ್ತು. ನಾನು ಕಂಡ ಗುಮಾಸ್ತರಲ್ಲಿ ಅರ್ಧದಷ್ಟು ಜನ ಹಾಗೆ ಬರೆದಿಡುವುದಿಲ್ಲ.

ಇನ್ನು ಮಳೆ.

ಜೂನ್ ಮೊದಲ ವಾರದಿಂದ ಸಂಪರ್ಕ ಐದು ನಿಮಿಷ ನಿಲ್ಲುತ್ತಿರಲಿಲ್ಲ. ಪೇಟೆಯ ಭರಾಟೆ ಮುಗಿದಿದ್ದರೂ ಕೋಲ್ಡ್ ಸ್ಟೋರೇಜಿನ ಮಾಲಿನ ದರ ಕೇಳುವವರು ಇದ್ದೇ ಇರುತ್ತಾರೆ. ಮೊದಲು ಅಕ್ಕಾರ (ಸಾವಕಾರರ ಮನೆಯವರ) ಮೇಲೆ ಅನುಮಾನ ಬಂತು. ಅಂಗಡಿಯ ಲೈನಿಗೇ ಮೇಲಿನ ಮನೆಯಲ್ಲಿ ಪ್ಯಾರಲಲ್ ಫೋನ್ ಇತ್ತು. ಅವರು ಅಲ್ಲಿ ರಿಸೀವರ್ ಎತ್ತಿದರೆ ಇಲ್ಲಿ ಮೋಡೆಮ್ ಕೈಬಿಡುತ್ತಿತ್ತು. ಅದಕ್ಕಾಗಿ ಆ ಫೋನಿಗೆ "4ರಿಂದ 4.30 ಎತ್ತಬ್ಯಾಡ್ರಿ" ಅಂತ ಚೀಟಿ ಕಟ್ಟಿದ್ದೆ. ಅಕ್ಕಾರು ಚೀಟಿ ಪಾಲಿಸುತ್ತಿದ್ದರು. ಆದರೂ ಕಡಿಯುತ್ತಿತ್ತು.

ಪುಸ್ತಕ ತಿರುವಿದೆ. ಒಣ ದಿನ 44000, 45333, ಒಮ್ಮೆ 46666. ಮಳೆಯ ದಿನ 26400, 24000, ಒಂದು ದಿನ 21600. ಮಳೆ ನಿಂತು ಎರಡು ದಿನ ಬಿಸಿಲು ಬಿದ್ದರೆ ಮತ್ತೆ 44000. ಕಂಪ್ಯೂಟರಿಗೆ ಮಳೆ ತಾಗುವುದಿಲ್ಲ. ಮೋಡೆಮ್‌ಗೂ ಇಲ್ಲ. ನೆನೆಯುವುದು ತಂತಿ ಒಂದೇ.

ದೂರು ಕೊಟ್ಟೆ. ಲೈನ್‌ಮನ್ ಬಂದು ರಿಸೀವರ್ ಕಿವಿಗಿಟ್ಟು, "ಮಾತ್ ಕೇಳ್ತೈತಲ್ರಿ, ಮತ್ತೇನ್ ಬೇಕ್ರಿ?" ಅಂತ ಹೋದರು. ಅವರ ಮಾತೂ ಸುಳ್ಳಲ್ಲ. ಮನುಷ್ಯರ ಮಾತಿನಲ್ಲಿ ಸ್ವಲ್ಪ ಚರಚರ ಸೇರಿದರೆ ಕಿವಿ ಅದನ್ನು ಸೋಸಿಕೊಳ್ಳುತ್ತದೆ. ಮೋಡೆಮ್‌ಗೆ ಒಂದೊಂದು ಚರ್ ಕೂಡ ಒಂದೊಂದು ತಪ್ಪು ಲೆಕ್ಕ.

ಎರಡನೆಯ ಸಲ ಬಂದಾಗ ಚಹಾ ಕೊಟ್ಟು ಪುಸ್ತಕ ಬಿಚ್ಚಿದೆ. ಮಳೆಯ ದಿನಗಳಿಗೆ ಕೆಂಪು ಗುರುತು ಹಾಕಿದ್ದೆ. ಎರಡು ಪುಟ ನೋಡಿದರು. ಏನೂ ಹೇಳದೆ ಎದ್ದು ರಿಸೀವರ್ ಎತ್ತಿ ಒಂದೇ ಒಂದು ಅಂಕಿ ಒತ್ತಿದರು. ಡಯಲ್ ಟೋನ್ ನಿಂತಿತು. ಆ ನಿಶ್ಶಬ್ದಕ್ಕೆ ಕಿವಿ ಕೊಟ್ಟರು, ಆಮೇಲೆ ರಿಸೀವರನ್ನು ನನ್ನ ಕೈಗೆ ಕೊಟ್ಟರು. ಒಳಗೆ ಸಾಸಿವೆ ಸಿಡಿಯುವ ಸದ್ದು. ಟೋನ್ ಇರುವಾಗ ಅದು ಮುಚ್ಚಿಹೋಗಿರುತ್ತದೆ. ಆರು ತಿಂಗಳು ಮೋಡೆಮ್ ಜತೆ ಏಗಿದ ನನಗೆ ಈ ಉಪಾಯ ಹೊಳೆದಿರಲಿಲ್ಲ ನೋಡಿ.

ಮೇಲಿನ ಫೋನ್ ಬಿಡಿಸಿದರು, ಸಾಸಿವೆ ನಿಲ್ಲಲಿಲ್ಲ. ಅಂಗಡಿಯೊಳಗಿನ ತಂತಿ ಪೂರ್ತಿ ಬಿಡಿಸಿ ಹೊರಗಿನ ತಂತಿಗೆ ತಮ್ಮ ಫೋನ್ ಹಚ್ಚಿದರು, ಆಗಲೂ ಇತ್ತು. ಹೀಗೆ ಒಂದೊಂದೇ ಬಿಡಿಸುತ್ತಾ ಕಂಬದ ತನಕ ಹೋದರು. ಕಂಬದ ಪೆಟ್ಟಿಗೆಯಲ್ಲಿ ಲೈನ್ ಸ್ವಚ್ಛವಾಗಿತ್ತು. ಅಂದರೆ ತಪ್ಪು ಕಂಬಕ್ಕೂ ಅಂಗಡಿಗೂ ನಡುವೆ. ಅಲ್ಲಿ ಬೇವಿನ ಗಿಡದ ಟೊಂಗೆಯ ಸಂದಿಯಲ್ಲಿ ಒಂದು ಹಳೆಯ ಜೋಡಣೆ ಸಿಕ್ಕಿತು. ಎರಡು ತಂತಿ ಹೊಸೆದು ಮೇಲೆ ಟೇಪ್ ಸುತ್ತಿದ್ದು. ಟೇಪ್ ಬಿಚ್ಚಿದರೆ ಒಳಗೆ ನೀರು, ತಾಮ್ರಕ್ಕೆ ಹಸಿರು ಕಿಲುಬು. ಅದನ್ನು ಕತ್ತರಿಸಿ ಎಸೆದು, ಒಳಗೆ ಗ್ರೀಸಿನಂಥದ್ದು ತುಂಬಿದ ಸಣ್ಣ ಕನೆಕ್ಟರ್ ಒತ್ತಿ ಕೂರಿಸಿದರು. ಇಡೀ ಕೆಲಸಕ್ಕೆ ಮುಕ್ಕಾಲು ತಾಸು.

ಅವತ್ತು ಸಂಜೆ ಜಿಟಿಜಿಟಿ ಮಳೆಯಲ್ಲೇ 46666 ಬಂತು. ಲೈನ್‌ಮನ್ ಅಂಕಿ ನೋಡಲೆಂದೇ ಕಾದು ನಿಂತಿದ್ದರು. ಆಮೇಲೆ ಯಾರ್ಡಿನ ಬೇರೆ ಅಂಗಡಿಗಳಲ್ಲಿ ಇಂಟರ್‌ನೆಟ್ ತಕರಾರು ಬಂದಾಗ, ಮೊದಲು ಆ ಗುಮಾಸ್ತರ ಹತ್ತಿರ ಹೋಗಿ ಅಂಕಿ ಬರೆಸ್ಕೊಂಡು ಬರ್ರಿ ಅನ್ನುತ್ತಿದ್ದರಂತೆ.

ಮೂರು ವರ್ಷದ ಮೇಲೆ ನಮ್ಮ ಯಾರ್ಡಿಗೆ ಬ್ರಾಡ್‌ಬ್ಯಾಂಡ್ ಬಂತು, ಮೋಡೆಮ್ ಕಪಾಟು ಸೇರಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬ್ರಾಡ್‌ಬ್ಯಾಂಡ್ ಸದ್ದು ಮಾಡುವುದಿಲ್ಲ, ಕೆಟ್ಟರೆ ಯಾಕೆ ಅಂತ ನಮಗೆ ಹೇಳುವುದೂ ಇಲ್ಲ.

ನಿಮ್ಮ ಬರಹ ಓದಿದ ದಿನ ಸುಮ್ನೆ ಕೂರಲಾಗಲಿಲ್ಲ. ಕಪಾಟಿನಿಂದ ಮೋಡೆಮ್ ತೆಗೆದು ಒರೆಸಿದೆ. ಸಂದಿಗಳಲ್ಲಿ ಇನ್ನೂ ಕೆಂಪು ಧೂಳಿದೆ. ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ. ಈಗಿನವಕ್ಕೆ ಸೀರಿಯಲ್ ಪೋರ್ಟ್ ಇಲ್ಲವಲ್ಲ, ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ತರಿಸಿದೆ. ಮೊದಲು ಅನುಮತಿ ಇಲ್ಲ ಅಂದಿತು. ಮೊಮ್ಮಗನ ಹೆಸರನ್ನು ಡಯಲ್‌ಔಟ್ ಎಂಬ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆದ ಮೇಲೆ ಒಪ್ಪಿತು. ಎ, ಟಿ ಅಂತ ಒತ್ತಿದೆ. ಇಪ್ಪತ್ತು ವರ್ಷ ಹತ್ತಿರ ಆಯಿತು. ಓಕೆ ಅಂದಿತು. "ಅಜ್ಜಾ, ಇದು ಇನ್ನೂ ಬದುಕೇತಿ!" ಅಂದ ಹುಡುಗ.

ಅವನಿಗೆ ತೋರಿಸಬೇಕು ಅಂತ ಎಕ್ಸ್3 ಇಲ್ಲದೆಯೇ ಡಯಲ್ ಮಾಡಲು ಹೇಳಿದೆ. ಟಕ್ ಅಂತ ಫೋನ್ ಎತ್ತಿದ ಸದ್ದು, ಸ್ವಲ್ಪ ಹೊತ್ತು ಮೌನ, ಆಮೇಲೆ ಅದೇ ಹಳೆಯ ಸಾಲು: ನೋ ಡಯಲ್‌ಟೋನ್. ಈ ಸಲ ತಕರಾರು ಮಾಡಲಿಲ್ಲ. ನಮ್ಮ ಮನೆಯ ಲ್ಯಾಂಡ್‌ಲೈನ್ ತೆಗೆಸಿ ಆರು ವರ್ಷವಾಗಿದೆ.

ಇತಿ,
ಒಬ್ಬ ನಿವೃತ್ತ ಗುಮಾಸ್ತ
ಬ್ಯಾಡಗಿ